ರಜೆಗೆ ಕೊಡಗಿಗೆ ಬಂದಾಗ, ಒಲ್ಲೆ ಎನ್ನುವ ಹದಿಹರೆಯದವರ ಜೊತೆ ಬೆಟ್ಟ ಹತ್ತುವುದು ಹೇಗೆ?

ದುಬೈಯಿಂದ ಬರೆದರೂ ಅದೇ, ನ್ಯೂಜೆರ್ಸಿಯಿಂದ ಬರೆದರೂ ಅದೇ, ಸಿಡ್ನಿಯಿಂದಲೂ ಅದೇ ಪ್ರಶ್ನೆ: "ರಜೆಗೆ ಊರಿಗೆ ಬರುತ್ತಿದ್ದೇವೆ. ಹದಿಮೂರು, ಹದಿನಾರರ ಮಕ್ಕಳಿದ್ದಾರೆ. ಕೊಡಗಿನಲ್ಲಿ ಒಂದು ಬೆಟ್ಟವಾದರೂ ಹತ್ತಿಸಬೇಕು. ಅವರು ಒಪ್ಪುತ್ತಿಲ್ಲ. ಏನು ಮಾಡಲಿ?"

ಬೇಡ ಎನ್ನುವ ಮಕ್ಕಳಲ್ಲಿ ಹೆಚ್ಚಿನವರಿಗೆ ನಡಿಗೆಯ ಮೇಲೆ ಕೋಪವಿರುವುದಿಲ್ಲ. ಎರಡು ವಾರದ ರಜೆಯಲ್ಲಿ ಹತ್ತು ದಿನ ಯಾರ್ಯಾರದೋ ಮನೆಯ ಊಟ, ಎರಡು ಮದುವೆ, ಒಂದು ದೇವಸ್ಥಾನ ಎಂದು ಅಪ್ಪ ಅಮ್ಮ ಮೊದಲೇ ಬರೆದಿಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಬೆಟ್ಟವೂ ಒಂದು ಸಾಲು. ತಮ್ಮನ್ನು ಯಾರೂ ಕೇಳಲಿಲ್ಲ ಎನ್ನುವುದೇ ಮಕ್ಕಳ ತಕರಾರು. ಹಾಗಾಗಿ ಬೂಟು, ಬ್ಯಾಗಿನ ಜೊತೆಗೆ ಯಾವ ತೀರ್ಮಾನವನ್ನು ಯಾರಿಗೆ ಬಿಡಬೇಕು ಎಂಬುದನ್ನೂ ಇಲ್ಲಿ ಹೇಳಿದ್ದೇವೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಟಿಕೆಟ್ ಬುಕ್ ಆದಮೇಲೆ ಮೊದಲ ಹಂತ ಓದಿ ಪ್ರಯೋಜನವಿಲ್ಲ.

ಹಂತ 1: ಬೆಟ್ಟಕ್ಕಿಂತ ಮೊದಲು ತಿಂಗಳು ನೋಡಿ

ಕೊಡಗಿನಲ್ಲಿ ಬೆಟ್ಟ ಹತ್ತಲು ನಿಜವಾಗಿ ಸಿಗುವುದು ಅಕ್ಟೋಬರ್‌ನಿಂದ ಜನವರಿವರೆಗಿನ ನಾಲ್ಕು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಊರುಗಳೇ ಮಣ್ಣಿನಡಿ ಹೋದ ಮೇಲೆ ಮಳೆಗಾಲದ ಚಾರಣದ ವಿಷಯದಲ್ಲಿ ಜಿಲ್ಲಾಡಳಿತ ಬಿಗಿಯಾಗಿದೆ. ಜಲಪಾತ, ಬೆಟ್ಟಗಳನ್ನು ಮುಚ್ಚಿದ ಆದೇಶ ಹಿಂದಿನ ದಿನ ಸಂಜೆ ಬಂದರೂ ಬರಬಹುದು. ಬೇಸಿಗೆಯದು ಇನ್ನೊಂದು ಕಥೆ. ಫೆಬ್ರುವರಿ ಹೊತ್ತಿಗೆ ಬೆಟ್ಟದ ಮೇಲಿನ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ. ಅಲ್ಲಿಂದ ಮಳೆ ಬೀಳುವತನಕ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದು ವಾಡಿಕೆ.

ಇದನ್ನು ನಿಮ್ಮ ಮಕ್ಕಳ ಶಾಲೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಕೊಲ್ಲಿ ದೇಶಗಳ ಜುಲೈ-ಆಗಸ್ಟ್ ರಜೆ, ಅಮೆರಿಕದ ಜೂನ್-ಆಗಸ್ಟ್ ರಜೆ ಎರಡೂ ಪೂರ್ತಿ ಮಳೆಗೇ ಬಂದು ಬೀಳುತ್ತವೆ. ಆಗ ಬರುವವರು ಬೆಟ್ಟದ ಆಸೆ ಬಿಟ್ಟು ಕಾಫಿ ತೋಟದೊಳಗೆ ಎರಡು ಗಂಟೆ ಕೊಡೆ ಹಿಡಿದು ನಡೆಯುವುದಕ್ಕೆ ತೃಪ್ತಿಪಡಬೇಕು. ಬ್ರಿಟನ್ನಿನ ಅಕ್ಟೋಬರ್ ಕೊನೆಯ ಚಿಕ್ಕ ರಜೆ ಚೆನ್ನಾಗಿದೆ: ಹುಲ್ಲು ಇನ್ನೂ ಹಸಿರು, ಜನ ಕಡಿಮೆ. ಆದರೆ ಮಧ್ಯಾಹ್ನದ ಮೇಲೆ ಹಿಂಗಾರಿನ ಗುಡುಗು ಬರಬಹುದು. ಎಲ್ಲರಿಗಿಂತ ಅದೃಷ್ಟವಂತರು ಆಸ್ಟ್ರೇಲಿಯದವರು. ಅವರ ದೊಡ್ಡ ರಜೆಯೇ ಡಿಸೆಂಬರ್-ಜನವರಿ.

ಕ್ರಿಸ್ಮಸ್‌ಗೆ ಬರುವವರಿಗೊಂದು ಎಚ್ಚರಿಕೆ. ಡಿಸೆಂಬರ್ 23ರಿಂದ ಜನವರಿ 2ರವರೆಗೆ ಬೆಂಗಳೂರೇ ಕೊಡಗಿಗೆ ಬಂದಿರುತ್ತದೆ. ಆ ಹನ್ನೊಂದು ದಿನ ಬಿಟ್ಟು ಮಂಗಳವಾರವೋ ಬುಧವಾರವೋ ಹಾಕಿಕೊಳ್ಳಿ. ಇದು ಕಾಫಿ ಕೊಯ್ಲಿನ ಕಾಲ ಎನ್ನುವುದೂ ನೆನಪಿರಲಿ. ಅರೇಬಿಕಾ ನವೆಂಬರ್‌ನಿಂದಲೇ ಹಣ್ಣಾಗುತ್ತದೆ, ಅದರ ಬೆನ್ನಿಗೆ ರೊಬಸ್ಟಾ. ತೋಟವಿರುವ ಭಾವನನ್ನು "ನೀನೂ ಬಾ, ದಾರಿ ತೋರಿಸು" ಎಂದು ಎಳೆದರೆ ಅವನು ಮುಖ ನೋಡಿಕೊಂಡು ಬಂದಾನು. ಆದರೆ ಆಳುಗಳನ್ನು ಬಿಟ್ಟು ಬಂದವನ ಮನಸ್ಸು ಕಣದಲ್ಲೇ ಇರುತ್ತದೆ.

ಬಂದಿಳಿದ ಮೇಲೆ ಎಷ್ಟನೇ ದಿನಕ್ಕೆ ಹತ್ತಬಹುದು? ಕೊಲ್ಲಿಯಿಂದ ಬಂದವರಿಗೆ ಸಮಯದ ವ್ಯತ್ಯಾಸ ಒಂದೂವರೆಯಿಂದ ಎರಡೂವರೆ ಗಂಟೆ ಮಾತ್ರ, ತೊಂದರೆಯಿಲ್ಲ. ಅಮೆರಿಕದಿಂದ ಬಂದವರು ಐದು ದಿನ ಬಿಡಿ. ಮೊದಲ ದಿನಗಳಲ್ಲಿ ಮಕ್ಕಳು ನಡುರಾತ್ರಿ ಮೂರಕ್ಕೆ ಎದ್ದು ಕೂರುತ್ತಾರೆ, ಮಧ್ಯಾಹ್ನ ಎರಡಕ್ಕೆ ನಿಂತಲ್ಲೇ ತೂಕಡಿಸುತ್ತಾರೆ. ಬೆಟ್ಟ ಇಳಿಯುವ ಹೊತ್ತೂ ಅದೇ, ಕಾಲು ಜಾರುವ ಹೊತ್ತೂ ಅದೇ. ಹೊಟ್ಟೆ ಕೆಡುವುದಿದ್ದರೂ ಸಾಮಾನ್ಯವಾಗಿ ಆ ಮೊದಲ ವಾರದಲ್ಲೇ ಕೆಡುತ್ತದೆ.

ಹಂತ 2: ಬೆಟ್ಟ ಆರಿಸುವುದು, ನೀವು ಎರಡು ಇಡಿ, ಅವರು ಒಂದು ಎತ್ತಲಿ

ತಪ್ಪು ಹೆಚ್ಚಾಗಿ ಆಗುವುದು ಇಲ್ಲಿ. ಕಾಲೇಜಿನಲ್ಲಿದ್ದಾಗ ಅಪ್ಪ ಕುಮಾರಪರ್ವತ ಹತ್ತಿರುತ್ತಾರೆ. ಮಕ್ಕಳಿಗೂ ಅದನ್ನೇ ತೋರಿಸುವ ಹುಕಿ. 1712 ಮೀಟರಿನ ಕುಮಾರಪರ್ವತ, ಅಂದರೆ ಪುಷ್ಪಗಿರಿ, ಕುಕ್ಕೆ ಕಡೆಯಿಂದಲಂತೂ ರಾಜ್ಯದ ಕಷ್ಟದ ಚಾರಣಗಳಲ್ಲೊಂದು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ದೂರ ಕಡಿಮೆ, ಆದರೆ ಕೊನೆಯ ಬಂಡೆಗಳು ನೆಟ್ಟಗಿವೆ. ಮನಸ್ಸಿಲ್ಲದೆ ಬಂದವರಿಗೆ ಅದು ಬೇಡವೇ ಬೇಡ.

ನಮ್ಮ ಸಲಹೆ ಹೀಗಿದೆ.

*ತಡಿಯಂಡಮೋಳ್.* ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರ್. "ಜಿಲ್ಲೆಯಲ್ಲೇ ಎತ್ತರದ್ದು" ಎಂಬ ಮಾತಿಗೆ ಹದಿಹರೆಯದಲ್ಲಿ ಬೆಲೆಯಿದೆ. ಚಾರಣ ಶುರುವಾಗುವುದು ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯಿಂದ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಾಡಿನ ಮರೆಯಲ್ಲಿ ಕಟ್ಟಿಸಿದ ಅರಮನೆ ಇದು. ಅಲ್ಲಿಂದ ತುದಿಗೆ ಆರೇಳು ಕಿಲೋಮೀಟರ್. ಮೊದಲರ್ಧ ಕಾಫಿ ತೋಟ, ಹೋಂಸ್ಟೇಗಳ ನಡುವಿನ ಜೀಪ್ ರಸ್ತೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿ ಒಂದು ದೊಡ್ಡ ಬಂಡೆ ಸಿಗುವತನಕ ಏರು ಸಹಿಸುವಂತಿದೆ. ಬಂಡೆಯಿಂದ ಮುಂದೆ ಹುಲ್ಲುಗಾವಲಿನ ಕಡಿದಾದ ದಾರಿ, ಆಮೇಲೆ ಶೋಲಾ. ಬೆಟ್ಟದ ಮಡಿಲಿನ ತೇವದಲ್ಲಿ ಗಿಡ್ಡ ಮರಗಳು ಒತ್ತಾಗಿ ಬೆಳೆದ ಕಾಡಿಗೆ ಶೋಲಾ ಎನ್ನುತ್ತಾರೆ. ಇಲ್ಲಿ ಬೇರುಗಳೇ ಮೆಟ್ಟಿಲು, ಕೈಯೂ ಬೇಕಾಗುತ್ತದೆ. ಅದರಾಚೆ ಬಯಲು ತುದಿ. ಆಕಾಶ ತಿಳಿಯಾಗಿದ್ದರೆ ಪಡುವಣದಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ.

ಇದರ ದೊಡ್ಡ ಗುಣ ಬಂಡೆಯಿಂದಲೇ ಹಿಂತಿರುಗಿದರೂ ದಿನ ವ್ಯರ್ಥವೆನಿಸದಿರುವುದು. ಅರ್ಧದಲ್ಲೇ ಒಂದು ಚೆಂದದ ನಿಲುಗಡೆ ಇರುವ ಬೆಟ್ಟವನ್ನೇ ಆರಿಸಿ.

*ಚೋಮಕುಂದ್.* ಚೆಯ್ಯಂಡಾಣೆ ಕಡೆ, ಚೇಲಾವರ ಜಲಪಾತದ ಹತ್ತಿರದ ಗುಡ್ಡ. ಅರ್ಧ ದಿನ ಸಾಕು. ಜಲಪಾತದ ಗುಂಡಿಗೆ ಮಾತ್ರ ಯಾರೂ ಇಳಿಯಬಾರದು. ಈಜು ಬಲ್ಲೆವೆಂದು ಇಳಿದವರೇ ಅಲ್ಲಿ ಮುಳುಗಿದ್ದಾರೆ. ಈಜುಕೊಳದಲ್ಲಿ ಪದಕ ಗೆದ್ದ ಮಗನಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿ.

*ಕೋಟೆಬೆಟ್ಟ.* ಮಾದಾಪುರ ಕಡೆಯದು. ಬಹುದೂರ ಜೀಪ್ ದಾರಿ ಇರುವುದರಿಂದ ದಾರಿ ತಪ್ಪುವ ಭಯ ಕಡಿಮೆ. ಆದರೆ ನೆರಳೂ ಕಡಿಮೆ.

ಮಾಂದಲಪಟ್ಟಿಯನ್ನು ಚಾರಣದ ಲೆಕ್ಕಕ್ಕೆ ಹಿಡಿಯಬೇಡಿ. ಅದು ಜೀಪಿನಲ್ಲಿ ಕುಲುಕಿಕೊಂಡು ಹೋಗುವ ಜಾಗ. ನಡೆದು ದಣಿದ ಮರುದಿನಕ್ಕೆ ಬಹುಮಾನವಾಗಿ ಇಟ್ಟುಕೊಳ್ಳಿ, ಮಕ್ಕಳಿಗೆ ಖಂಡಿತ ಹಿಡಿಸುತ್ತದೆ.

ಇನ್ನೊಂದು ಗೊಂದಲ: ಬ್ರಹ್ಮಗಿರಿ ಎರಡಿವೆ. ಒಂದು ತಲಕಾವೇರಿಯ ನೆತ್ತಿಯ ಮೇಲಿನದು. ಇನ್ನೊಂದು ದಕ್ಷಿಣದ ಇರ್ಪು ಜಲಪಾತದ ಮೇಲಿನ ವನ್ಯಧಾಮದ್ದು, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಾಲಕನಿಗೆ ಬರೀ "ಬ್ರಹ್ಮಗಿರಿ" ಎಂದರೆ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಿರುತ್ತೀರಿ.

ಹಂತ 3: ಮಕ್ಕಳೊಡನೆ ಕರಾರು

ಹೊರಡುವ ಎರಡು ವಾರ ಮುಂಚೆ, ಅಲ್ಲೇ ಪರದೇಶದ ಮನೆಯಲ್ಲೇ ಮಾತಾಡಿ. ಊರಿಗೆ ಬಂದ ಮೇಲೆ ಅಜ್ಜಿ, ಮಾವಂದಿರ ಎದುರು ಕೇಳಿದರೆ ಮಗು "ಹೂಂ" ಎನ್ನುವುದು ಮರ್ಯಾದೆಗೆ. ಆ ಹೂಂಗೆ ಬೆಟ್ಟದ ಬುಡದವರೆಗೆ ಮಾತ್ರ ಬಾಳಿಕೆ.

ಕರಾರಿನಲ್ಲಿ ನಾಲ್ಕು ವಿಷಯ ಇರಲಿ.

ಮೊದಲನೆಯದು, ಹಿಂತಿರುಗುವ ಹಕ್ಕು. ಗೊತ್ತುಮಾಡಿದ ಅರ್ಧದಾರಿಯವರೆಗೆ ಎಲ್ಲರೂ ಬರಬೇಕು. ಅಲ್ಲಿಂದ ಮುಂದೆ ಬರುವುದು ಬಿಡುವುದು ಅವರಿಷ್ಟ. ಬೇಡವೆಂದರೆ ಒಬ್ಬ ದೊಡ್ಡವರು ಅವರ ಜೊತೆ ಇಳಿಯಬೇಕು, ಗೊಣಗದೆ. ಈ ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ವರ್ಷ ನೀವು ಹೇಳಿದ್ದನ್ನು ಯಾರೂ ನಂಬುವುದಿಲ್ಲ.

ಎರಡನೆಯದು, ನಿಜವಾದ ಕೆಲಸ. ನಕ್ಷೆ ಒಬ್ಬರಿಗೆ, ಗಡಿಯಾರ ಇನ್ನೊಬ್ಬರಿಗೆ. ಗಡಿಯಾರದವರು "ಈಗ ವಿರಾಮ", "ಈಗ ಹೊರಡಿ" ಎಂದರೆ ಅಪ್ಪನೂ ಕೇಳಬೇಕು. ನೀರಿನ ಬಾಟಲಿ ಹೊರುವುದು ಕೆಲಸವಲ್ಲ, ಅದು ಕೂಲಿ. ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು.

ಮೂರನೆಯದು ಫೋನ್. ಕಿತ್ತುಕೊಳ್ಳಬೇಡಿ. ಫೋಟೊಗೆ, ನಕ್ಷೆಗೆ ಇರಲಿ. ಹಾಡು ಕೇಳುವುದಾದರೆ ಒಂದೇ ಕಿವಿಗೆ, ಅದೂ ಚೆಕ್‌ಪೋಸ್ಟ್‌ವರೆಗೆ ಮಾತ್ರ. ಕಾಡಿನೊಳಗೆ ಎರಡೂ ಕಿವಿ ತೆರೆದಿರಬೇಕು. ಕಾರಣ ಆನೆ ಎಂದು ಹೇಳಿದರೆ ಸಾಕು, ವಾದ ಬರುವುದಿಲ್ಲ. ಸ್ಪೀಕರ್ ಬೇಡ.

ನಾಲ್ಕನೆಯದು ಜೊತೆ. ಅದೇ ವಯಸ್ಸಿನ ಒಬ್ಬ ಕಸಿನ್ ಬಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ನಾಲ್ವರು ದೊಡ್ಡವರ ನಡುವೆ ಒಬ್ಬಳೇ ಹುಡುಗಿ ನಡೆದರೆ ಅವಳಿಗದು ಮೆರವಣಿಗೆ.

"ನಿನ್ನ ವಯಸ್ಸಿನಲ್ಲಿ ನಾವು ಬರಿಗಾಲಲ್ಲಿ ಶಾಲೆಗೆ..." ಎಂದು ಶುರುಮಾಡುವ ಮಾವನಿದ್ದರೆ ಅವರನ್ನು ಊಟದ ತಯಾರಿಗೆ ಹೋಂಸ್ಟೇಯಲ್ಲೇ ಬಿಡಿ.

ಹಂತ 4: ಅನುಮತಿ, ಕಾಗದಪತ್ರ ಮತ್ತು ತರಬಾರದ ವಸ್ತುಗಳು

ಅರಣ್ಯ ಇಲಾಖೆಯ ಚಾರಣಗಳಿಗೆ ಈಗ "ಅರಣ್ಯ ವಿಹಾರ" ಜಾಲತಾಣದಲ್ಲಿ ಮುಂಗಡ ಬುಕಿಂಗ್ ಇದೆ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಇದೆ. ಪರದೇಶದವರು ಎಡವುವುದು ಒಟಿಪಿಯಲ್ಲಿ, ಅಂದರೆ ಮೊಬೈಲಿಗೆ ಬರುವ ಒಂದು ಸಲದ ಗುಪ್ತಸಂಖ್ಯೆಯಲ್ಲಿ. ಅದು ಬರುವುದು ಭಾರತದ ನಂಬರಿಗೆ. ಹಣ ಕಟ್ಟುವಾಗ ಹೊರದೇಶದ ಕಾರ್ಡ್ ಕೈಕೊಡುವುದೂ ಉಂಟು. ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಎಲ್ಲರ ಹೆಸರು, ವಯಸ್ಸು, ಪಾಸ್‌ಪೋರ್ಟ್ ಸಂಖ್ಯೆ ಕಳಿಸಿ, ಅವರ ಫೋನಿನಿಂದಲೇ ಮಾಡಿಸಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಮನೆಯಲ್ಲಿ "ಬೊಳ್ಳಿ" ಎಂದು ಕರೆಯುವ ಮಗಳ ಟಿಕೆಟ್ ಬೊಳ್ಳಿ ಹೆಸರಿನಲ್ಲೇ ಬಂದರೆ ಚೆಕ್‌ಪೋಸ್ಟಿನಲ್ಲಿ ಕಥೆ ಹೇಳಬೇಕಾಗುತ್ತದೆ.

ಪಾಸ್‌ಪೋರ್ಟ್, ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರ ಒಸಿಐ ಕಾರ್ಡ್‌ಗಳ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ವಿದೇಶಿ ಪಾಸ್‌ಪೋರ್ಟಿನವರು ತಂಗಿದರೆ ಹೋಂಸ್ಟೇಯವರು ಸರಕಾರಕ್ಕೆ ಅವರ ಮಾಹಿತಿ ಸಲ್ಲಿಸಬೇಕು. ಕಾಗದ ಕೇಳಿದರೆಂದು ಮುಖ ಸಿಂಡರಿಸಬೇಡಿ.

ಇನ್ನು ತರಬಾರದ್ದು. ಹೊರದೇಶದಲ್ಲಿ ಬೆಟ್ಟ ಹತ್ತುವ ಅಭ್ಯಾಸವಿರುವ ಕುಟುಂಬಗಳು ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನವನ್ನು ಬ್ಯಾಗಿಗೆ ನೇತುಹಾಕಿಕೊಂಡೇ ಇರುತ್ತವೆ. ಭಾರತದಲ್ಲಿ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನಾಗಲಿ, ಅಂಥ ಸಾಧನವಾಗಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಪ್ರವಾಸಿಗಳನ್ನು ತಡೆದು ವಿಚಾರಣೆ ನಡೆಸಿದ ಪ್ರಕರಣಗಳಿವೆ. ಅದನ್ನು ಪರದೇಶದ ಮನೆಯಲ್ಲೇ ಬಿಟ್ಟು ಬನ್ನಿ. ಡ್ರೋನ್ ಕೂಡ ಹಾಗೆಯೇ: 2022ರ ಫೆಬ್ರುವರಿಯಿಂದ ಹೊರದೇಶದ ಡ್ರೋನ್ ಆಮದಿಗೆ ನಿರ್ಬಂಧವಿದೆ, ಕಾಡಿನ ಮೇಲೆ ಹಾರಿಸುವ ಮಾತಂತೂ ದೂರ. ಐಫೋನಿನ ಉಪಗ್ರಹ ತುರ್ತುಕರೆ ಇಲ್ಲಿ ನಡೆಯುತ್ತದೆ ಎಂದು ನಂಬಿಕೊಂಡೂ ಹೊರಡಬೇಡಿ.

ಅದರ ಬದಲು ಮಾಡಬೇಕಾದ್ದು: ಹೋಂಸ್ಟೇಯ ವೈ-ಫೈನಲ್ಲಿರುವಾಗಲೇ ನಕ್ಷೆಯ ಆ ಭಾಗವನ್ನು ಫೋನಿಗೆ ಇಳಿಸಿಕೊಳ್ಳಿ, ಕಕ್ಕಬ್ಬೆ ಸುತ್ತ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಷ್ಟು ಗಂಟೆಗೆ ವಾಪಸು, ಬರದಿದ್ದರೆ ಎಷ್ಟು ಗಂಟೆಗೆ ಹುಡುಕಿಸಬೇಕು ಎಂಬುದನ್ನು ಹೋಂಸ್ಟೇಯವರಿಗೆ ಚೀಟಿಯಲ್ಲಿ ಬರೆದುಕೊಡಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ಹಂತ 5: ಪಾದ

ಬಟ್ಟೆ ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಶೂ ವಿಷಯದಲ್ಲಿ ನಡೆಯುವುದಿಲ್ಲ.

ಹದಿಹರೆಯದ ಪಾದ ಬೆಳೆಯುತ್ತಿರುತ್ತದೆ. ಕಳೆದ ವರ್ಷದ ಶೂ ಕಪಾಟಿನಲ್ಲಿ ಹೊಸದಾಗಿಯೇ ಕಂಡೀತು, ಕಾಲಿಗೆ ಹಿಡಿಯುವುದಿಲ್ಲ. ಹೀಗೆ ನೋಡಿ: ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು, ಮಗುವನ್ನು ಕಾಲುಚೀಲ ಹಾಕಿಸಿ ಅದರ ಮೇಲೆ ನಿಲ್ಲಿಸಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ, ಸುಮಾರು 12 ಮಿಲಿಮೀಟರ್ ಜಾಗ ಉಳಿಯಬೇಕು. ಅಷ್ಟಿಲ್ಲದಿದ್ದರೆ ಇಳಿಯುವಾಗ ಬೆರಳು ಮುಂದೆ ಹೋಗಿ ಹೊಡೆದು ಉಗುರು ಕಪ್ಪಾಗುತ್ತದೆ. ಹತ್ತುವಾಗ ಏನೂ ಗೊತ್ತಾಗುವುದಿಲ್ಲ, ಅದೇ ಮೋಸ.

ದಪ್ಪ ಚರ್ಮದ ಬೂಟು ಬೇಕಿಲ್ಲ. ಅಡಿಯಲ್ಲಿ ಆಳದ ಹಲ್ಲುಗಳಿರುವ ಓಟದ ಶೂ ಸಾಕು. ಬಿಳಿ ಫ್ಯಾಷನ್ ಶೂಗಳ ತಳ ಚಪ್ಪಟೆ, ಶೋಲಾದ ತೇವದ ಬೇರಿನ ಮೇಲೆ ಅವು ನಿಲ್ಲುವುದಿಲ್ಲ. ಶೂ ತರಲಾಗದಿದ್ದರೆ ಮಡಿಕೇರಿ, ವಿರಾಜಪೇಟೆ ಅಂಗಡಿಗಳಲ್ಲಿ ತೋಟದ ಕೆಲಸದವರು ಹಾಕುವ ಕ್ಯಾನ್ವಾಸಿನ ಹಂಟರ್ ಶೂ ಅಗ್ಗಕ್ಕೆ ಸಿಗುತ್ತದೆ. ಹಿಡಿತ ಚೆನ್ನಾಗಿದೆ, ಒಳಗೆ ಮೆತ್ತೆ ಕಡಿಮೆ. ಎರಡು ಜೊತೆ ಕಾಲುಚೀಲ ಹಾಕಿಸಿ. ಹೊಸ ಶೂ ಯಾವುದೇ ಆಗಲಿ, ಬೆಟ್ಟಕ್ಕೆ ಮೊದಲು ಒಟ್ಟು 20 ಕಿಲೋಮೀಟರ್ ಆದರೂ ನಡೆದಿರಬೇಕು.

ಎರಡು ದಿನ ಮುಂಚೆ ಕಾಲುಗುರು ನೇರವಾಗಿ ಕತ್ತರಿಸಿ. ದಾರಿಯಲ್ಲಿ ಹಿಮ್ಮಡಿ "ಬಿಸಿ ಬಿಸಿ" ಎಂದ ಕೂಡಲೇ ನಿಲ್ಲಿಸಿ ಪ್ಲಾಸ್ಟರ್ ಅಂಟಿಸಿ. ಬೊಬ್ಬೆ ಬಂದ ಮೇಲೆ ಅಂಟಿಸಿದರೆ ಸಂತಾಪ ಸೂಚಿಸಿದ ಹಾಗೆ ಅಷ್ಟೇ. ಇಳಿಯುವ ಮೊದಲು ಎಲ್ಲರೂ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿಕೊಳ್ಳಲಿ.

ಬಟ್ಟೆಯಲ್ಲಿ ಜೀನ್ಸ್ ಬೇಡ, ನೆನೆದರೆ ಒಣಗುವುದಿಲ್ಲ. ಪೂರ್ಣ ಉದ್ದದ ಹಗುರ ಪ್ಯಾಂಟ್ ಇರಲಿ, ಹುಲ್ಲಿನ ಅಂಚು ಮೊಣಕಾಲನ್ನು ಕೊಯ್ಯುತ್ತದೆ. ಡಿಸೆಂಬರ್ ಬೆಳಗ್ಗೆ ಸ್ವೆಟರ್ ಬೇಕೆನಿಸುತ್ತದೆ, ಹತ್ತು ಗಂಟೆಗೆ ಬಿಸಿಲು ನೆತ್ತಿ ಸುಡುತ್ತದೆ. ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು ಹಾಕಿ. ಟೋಪಿ ಮರೆಯಬೇಡಿ. ಮಕ್ಕಳ ಬ್ಯಾಗ್ ಅವರ ತೂಕದ ಹತ್ತನೇ ಒಂದು ಭಾಗ ಮೀರದಿರಲಿ: 45 ಕಿಲೋ ಹುಡುಗಿಗೆ ನಾಲ್ಕೂವರೆ ಕಿಲೋ, ನೀರೂ ಸೇರಿ.

ಯಾರೂ ಕೇಳಲು ಬಾಯಿ ತೆರೆಯದ ಒಂದು ವಿಷಯ: ಚೆಕ್‌ಪೋಸ್ಟ್‌ನಿಂದ ಮುಂದೆ ಶೌಚಾಲಯವಿಲ್ಲ. ಹೊರದೇಶದಲ್ಲಿ ಬೆಳೆದ ಹುಡುಗಿಯರು ಬರಲೊಲ್ಲೆ ಎನ್ನಲು ಇದೇ ಕಾರಣ ಎಷ್ಟೋ ಸಲ, ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮನೋ ಅತ್ತೆಯೋ ಮುಂಚೆಯೇ ಮಾತಾಡಿ. ಟಿಶ್ಯೂ, ಸ್ಯಾನಿಟೈಸರ್, ಎರಡು ಪ್ಯಾಡ್, ಬಳಸಿದ್ದನ್ನು ವಾಪಸು ತರಲು ಕಪ್ಪು ಜಿಪ್ ಚೀಲ, ಮರೆ ಹಿಡಿಯಲು ಒಂದು ದುಪಟ್ಟಾ, ಇಷ್ಟು ಒಂದು ಪುಟ್ಟ ಚೀಲದಲ್ಲಿ ಅವಳ ಬ್ಯಾಗಿನಲ್ಲೇ ಇರಲಿ. ಮುಟ್ಟಿನ ದಿನ ಬಿದ್ದರೆ ತಾರೀಖು ಬದಲಿಸುವುದೋ ಬೇಡವೋ ಅವಳೇ ಹೇಳಲಿ. ಶೌಚದ ಭಯಕ್ಕೆ ನೀರು ಕುಡಿಯದೆ ನಡೆದು ತಲೆಸುತ್ತಿ ಬೀಳುವುದೇ ದೊಡ್ಡ ಅಪಾಯ.

ಹಂತ 6: ಬುತ್ತಿ, ನೀರು

ಒಬ್ಬರಿಗೆ ಎರಡರಿಂದ ಎರಡೂವರೆ ಲೀಟರ್ ನೀರು. ತಡಿಯಂಡಮೋಳ್ ತುದಿಯಲ್ಲಿ ನೀರಿಲ್ಲ. ದಾರಿಯ ತೊರೆ ನಮಗೆ ಸಿಹಿನೀರು, ಹೊರದೇಶದಲ್ಲಿ ಬೆಳೆದ ಹೊಟ್ಟೆಗೆ ಅಲ್ಲ. ಮಕ್ಕಳಿಗೆ ಕುದಿಸಿ ಆರಿಸಿದ್ದೇ ಇರಲಿ. ಓಆರ್‌ಎಸ್ ಪೊಟ್ಟಣ, ಅಂದರೆ ದೇಹ ಕಳೆದುಕೊಂಡ ನೀರು-ಉಪ್ಪು ತುಂಬಿಕೊಡುವ ಪುಡಿ, ಎರಡು. ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡ ಪೊಟ್ಟಣವನ್ನು ಲೋಟ ನೀರಿಗೆ ಸುರಿದು ಕುಡಿಸಿದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು.

ಬುತ್ತಿಗೆ ಅಕ್ಕಿ ರೊಟ್ಟಿಯನ್ನು ಮೀರಿಸಿದ್ದಿಲ್ಲ. ತಣ್ಣಗಾದರೂ ತಿನ್ನಬಹುದು, ಸೋರುವುದಿಲ್ಲ, ಒಳಗೆ ಎಳ್ಳಿನ ಚಟ್ನಿಯೋ ಜೇನೋ ಸವರಿ ಸುರುಳಿ ಸುತ್ತಿದರೆ ತಟ್ಟೆ ಬೇಡ. ತಲೆಗೆ ಮೂರು. ಜೊತೆಗೆ ಬಾಳೆಹಣ್ಣು ಎರಡು, ಕಡಲೆಮಿಠಾಯಿ, ಸಿಕ್ಕರೆ ಕೊಡಗಿನ ಕಿತ್ತಳೆ. ಬೆಳಗ್ಗೆ ಹೋಂಸ್ಟೇಯವರು ಪ್ರೀತಿಯಿಂದ ಪಂದಿಕರಿ, ಕಡುಬು ಬಡಿಸಿದರೆ "ರಾತ್ರಿಗಿರಲಿ" ಎನ್ನಿ. ಕೊಬ್ಬಿನ ಊಟ ಹೊಟ್ಟೆಯಲ್ಲಿಟ್ಟುಕೊಂಡು ಏರು ಹತ್ತಲಾಗದು. ಮಕ್ಕಳಿಗೆ ಅವರಿಷ್ಟದ ಚಿಪ್ಸ್ ಒಂದೊಂದು ಪ್ಯಾಕೆಟ್ ಇರಲಿ. ಬೆವರಿದವರಿಗೆ ಉಪ್ಪು ಬೇಕೇಬೇಕು. ಖಾಲಿ ಪ್ಯಾಕೆಟ್ ವಾಪಸು ಬರಬೇಕು, ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ತೆಗೆಸಿ ನೋಡುತ್ತಾರೆ.

ಹಂತ 7: ಆ ದಿನ

ಹಿಂದಿನ ರಾತ್ರಿ ಬೆಟ್ಟದ ಬುಡದಿಂದ ಹತ್ತು ಕಿಲೋಮೀಟರ್ ಒಳಗೇ ಮಲಗಿ. ಮೈಸೂರಿನಿಂದ ಬೆಳಗ್ಗೆ ನಾಲ್ಕಕ್ಕೆ ಹೊರಟು ನೇರ ಬೆಟ್ಟಕ್ಕೆ ಎನ್ನುವ ಯೋಜನೆ ಕಾಗದದಲ್ಲಿ ಮಾತ್ರ ಚೆಂದ. ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಾ ತಿರುವು ಹತ್ತಿದ ಮಗು ವಾಂತಿ ಮಾಡಿಕೊಂಡೇ ಇಳಿಯುತ್ತದೆ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಬೆಟ್ಟದ ದಿನಕ್ಕೆ ಅವು ಬೇಡ. ಕೊಲ್ಲಿಯಿಂದ ಬರುವವರಿಗೆ ಕಣ್ಣೂರು ವಿಮಾನ ನಿಲ್ದಾಣ ಅನುಕೂಲ. ಮಾಕುಟ್ಟ ಘಾಟಿ ಹತ್ತಿದರೆ ವಿರಾಜಪೇಟೆ.

ತಡಿಯಂಡಮೋಳ್‌ಗೆ ಅರಮನೆಯಿಂದ ಹೀಗೆ ಲೆಕ್ಕ ಹಾಕಿ. ಹತ್ತಲು ಮೂರೂವರೆ ಗಂಟೆ, ತುದಿಯಲ್ಲಿ ಮುಕ್ಕಾಲು, ಇಳಿಯಲು ಎರಡೂವರೆ. ಒಟ್ಟು ಏಳು ಗಂಟೆಗೆ ಹತ್ತಿರ. ಬೆಳಗ್ಗೆ ಏಳೂವರೆಗೆ ಹೆಜ್ಜೆ ಇಟ್ಟರೆ ಎರಡೂವರೆಗೆ ಕೆಳಗೆ. ಇನ್ನೂ ಬೇಗ ಹೊರಡುವ ಹುಮ್ಮಸ್ಸು ಬೇಡ, ತೋಟದ ದಾರಿಯಲ್ಲಿ ಆನೆ ಓಡಾಡುವ ಹೊತ್ತದು. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಶೋಲಾದೊಳಗೆ ಕತ್ತಲು ಅದಕ್ಕೂ ಅರ್ಧ ಗಂಟೆ ಮುಂಚೆ.

ಹಿಂತಿರುಗುವ ಗಡುವು ಹನ್ನೆರಡೂವರೆ. ತುದಿ ಹತ್ತೇ ನಿಮಿಷ ದೂರದಲ್ಲಿದ್ದರೂ ಗಡಿಯಾರದವರು ಹೇಳಿದರೆ ತಿರುಗಿ. ಗಡುವನ್ನು ಮುರಿಯುವುದು ಯಾವಾಗಲೂ ಅಪ್ಪಂದಿರೇ, ಮಕ್ಕಳಲ್ಲ.

ನಡೆಯುವ ಕ್ರಮ: ಎಲ್ಲರಿಗಿಂತ ನಿಧಾನದವರು ಎರಡನೆಯವರಾಗಿ, ಅವರ ಮುಂದೆ ದಾರಿ ಬಲ್ಲವರು, ಕೊನೆಯಲ್ಲಿ ಒಬ್ಬ ದೊಡ್ಡವರು. ಮೊದಲ ಅರ್ಧ ಗಂಟೆ ಮಾತಾಡುತ್ತಾ ನಡೆಯಲಾಗುವಷ್ಟು ನಿಧಾನ. ಹುಡುಗರು ಆರಂಭದಲ್ಲಿ ಓಡಿ, ಬಂಡೆ ಮುಟ್ಟುವಷ್ಟರಲ್ಲಿ ಸುಸ್ತಾಗಿ, "ಬೋರು" ಎನ್ನುತ್ತಾರೆ. ಅದು ಬೋರಲ್ಲ, ಹಸಿವು. ಐವತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷ ಕೂತು ಏನಾದರೂ ತಿನ್ನಿ.

"ಇನ್ನು ಸ್ವಲ್ಪವೇ" ಎಂದು ಸುಳ್ಳು ಹೇಳಬೇಡಿ. ನಕ್ಷೆ ಅವರ ಕೈಯಲ್ಲೇ ಇದೆ. "ಇನ್ನು ಒಂದೂವರೆ ಗಂಟೆ, ಕೊನೆಯ ನಲವತ್ತು ನಿಮಿಷ ಕಷ್ಟ" ಎಂದೇ ಹೇಳಿ.

ಮುನಿಸಿಗೂ ದಣಿವಿಗೂ ವ್ಯತ್ಯಾಸ ಗುರುತಿಸಬೇಕು. ಗೊಣಗುತ್ತಿರುವ ಮಗು ಚೆನ್ನಾಗಿದೆ. ಗೊಣಗುತ್ತಿದ್ದವನು ತಟ್ಟನೆ ಮೌನವಾಗಿ, ಸಪಾಟು ನೆಲದಲ್ಲೂ ಎಡವಿ, ತಲೆನೋವೆಂದು ನೀರು ಬೇಡವೆಂದರೆ ಅಲ್ಲೇ ನೆರಳಲ್ಲಿ ಕೂರಿಸಿ. ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕೊಡಿ. ಇಪ್ಪತ್ತು ನಿಮಿಷದಲ್ಲಿ ಮುಖಕ್ಕೆ ಕಳೆ ಬಾರದಿದ್ದರೆ ಎಲ್ಲರೂ ಇಳಿಯಿರಿ.

ಹಂತ 8: ಜಿಗಣೆ, ಆನೆ, ನಾಯಿ, ಹಾವು

ಜಿಗಣೆ ಡಿಸೆಂಬರಿನಲ್ಲಿ ಕಡಿಮೆ. ಅಕ್ಟೋಬರಿನಲ್ಲಿ, ಅಥವಾ ಹಿಂದಿನ ದಿನ ಮಳೆ ಬಂದಿದ್ದರೆ ಶೋಲಾದೊಳಗೆ ಎಲೆಯ ತುದಿಯಲ್ಲಿ ನಿಂತು ಗಾಳಿಯಲ್ಲಿ ತಲೆಯಾಡಿಸುತ್ತಾ ಕಾಯುತ್ತಿರುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ. ಬಟ್ಟೆಯ ಗಂಟಿನಲ್ಲಿ ಪುಡಿಯುಪ್ಪು ಕಟ್ಟಿ, ನೆನೆಸಿ, ಶೂ ಮೇಲೆ ಒರೆಸಿಕೊಳ್ಳಿ. ಕಚ್ಚಿದ್ದನ್ನು ಹಿಡಿದು ಎಳೆಯಬೇಡಿ, ಬಾಯಿಯ ಭಾಗ ಒಳಗುಳಿದು ಕೀವಾಗಬಹುದು. ಸಣ್ಣ ತುದಿಯೇ ಬಾಯಿ. ಅದರಡಿ ಉಗುರನ್ನು ಅಡ್ಡಲಾಗಿ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತುವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ನೋವಿಲ್ಲ, ರೋಗವಿಲ್ಲ, ನಾಟಕ ಮಾತ್ರ ಜೋರು. ಮೊದಲೇ ವಿಡಿಯೊ ತೋರಿಸಿಟ್ಟರೆ ಅದೂ ಅರ್ಧವಾಗುತ್ತದೆ.

ಆನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಡುವ ಮುಂಚೆ ಹೋಂಸ್ಟೇಯವರನ್ನೋ ತೋಟದ ಕಾರ್ಮಿಕರನ್ನೋ ಕೇಳಿ, ರಾತ್ರಿ ಎಲ್ಲಿತ್ತೆಂದು ಅವರಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಲದ್ದಿ ಕಂಡರೆ ನೋಡಿ: ಒಣಗಿ ಕಂದು ನಾರಾಗಿದ್ದರೆ ಹಳೆಯದು. ಹಸಿಯಾಗಿ ಹೊಳೆಯುತ್ತಾ ಹಬೆಯಾಡುತ್ತಿದ್ದರೆ ಅಂದಿನ ಚಾರಣ ಅಲ್ಲಿಗೇ ಮುಗಿಯಿತು. ಆನೆ ಕಂಡರೆ ಕೂಗಾಟ, ಫ್ಲಾಶ್, ಸೆಲ್ಫಿ ಯಾವುದೂ ಇಲ್ಲ. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ ಸರಿಯಿರಿ.

ನಾಯಿಯ ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಕಂಡ ನಾಯಿಯನ್ನೆಲ್ಲ ಮುದ್ದಿಸುವ ಅಭ್ಯಾಸ. ತೋಟದ ನಾಯಿ ಸಾಕಿರುವುದೇ ಅಪರಿಚಿತರನ್ನು ತಡೆಯಲು. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ವಾಪಸು ಹೋದ ಮೇಲೆ ನೋಡೋಣ ಎನ್ನುವಂತಿಲ್ಲ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲುಗದಂತೆ ಕೋಲಿಗೆ ಆನಿಸಿ, ಹೊತ್ತು ಇಳಿಸಿ, ವಿರಾಜಪೇಟೆಯದೋ ಮಡಿಕೇರಿಯದೋ ಸರಕಾರಿ ಆಸ್ಪತ್ರೆಗೆ ಒಯ್ಯಿರಿ.

ಹಂತ 9: ಇಳಿದ ಮೇಲೆ

ಹೋಂಸ್ಟೇಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಸ್ನಾನದಲ್ಲಿ ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ಉಣ್ಣಿ ಇದೆಯೇ ನೋಡಿಕೊಳ್ಳಲಿ. ಇದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ, ನೀವು ಆಗ ಯಾವ ದೇಶದಲ್ಲೇ ಇರಿ, ಉಣ್ಣಿ ಕಚ್ಚಿದ್ದನ್ನೂ ಕೊಡಗಿನ ಕಾಡಿನಲ್ಲಿ ನಡೆದಿದ್ದನ್ನೂ ವೈದ್ಯರಿಗೆ ಹೇಳಿ.

ಮರುದಿನ ಯಾವ ನೆಂಟರ ಮನೆಯನ್ನೂ ಇಟ್ಟುಕೊಳ್ಳಬೇಡಿ. ಮಕ್ಕಳು ಹನ್ನೊಂದರವರೆಗೆ ಮಲಗಲಿ.

ಆಸ್ಟ್ರೇಲಿಯ, ನ್ಯೂಜಿಲೆಂಡಿಗೆ ಮರಳುವವರು ಶೂಗಳನ್ನು ಸೂಟ್‌ಕೇಸಿಗೆ ಹಾಕುವ ಮುಂಚೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಳದ ಹಲ್ಲುಗಳ ಸಂದಿನ ಕೆಂಪು ಮಣ್ಣನ್ನೂ, ಲೇಸಿಗೆ ಅಂಟಿದ ಹುಲ್ಲಿನ ಬೀಜವನ್ನೂ ಪೂರ್ತಿ ತೆಗೆದು, ತೊಳೆದು, ಬಿಸಿಲಿನಲ್ಲಿ ಎರಡು ದಿನ ಒಣಗಿಸಿ. ಆ ದೇಶ ಪ್ರವೇಶಿಸುವ ಮುಂಚೆ ತುಂಬುವ ಫಾರ್ಮಿನಲ್ಲಿ ಬಳಸಿದ ಚಾರಣದ ಶೂ ಇದೆಯೆಂದು ಬರೆಯಲೇಬೇಕು. ಮಣ್ಣಿದ್ದೂ ಬರೆಯದಿದ್ದರೆ ದಂಡ ಬೀಳುತ್ತದೆ. ಅಮೆರಿಕದ ಫಾರ್ಮಿನಲ್ಲೂ ಮಣ್ಣು ತಂದಿದ್ದೀರಾ, ತೋಟಕ್ಕೆ ಹೋಗಿದ್ದಿರಾ ಎಂಬ ಪ್ರಶ್ನೆಯಿದೆ. ಕಾಫಿ ತೋಟವೂ ತೋಟವೇ, "ಹೌದು" ಎಂದೇ ಗುರುತು ಹಾಕಿ. ಅಜ್ಜಿ ಕಟ್ಟಿಕೊಟ್ಟ ಜೇನಿನ ಬಾಟಲಿಯನ್ನು ನ್ಯೂಜಿಲೆಂಡಿನವರು ಒಳಬಿಡುವುದಿಲ್ಲ, ಅದನ್ನು ಊರಿನಲ್ಲೇ ಅಕ್ಕಿ ರೊಟ್ಟಿಯ ಜೊತೆ ಮುಗಿಸಿ ಹೊರಡಿ.